ಹತ್ತೊಂಬತ್ತು ತುಂಡು

ಸೋಮವಾರ ಬೆಳಿಗ್ಗೆ ರಾಮಾಂಜಿನಪ್ಪ ಮೇಸ್ತ್ರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎದ್ದು ಕೂರಲು ಹೋದಾಗ ಸೊಂಟ ಹಿಡಿದುಕೊಂಡಿತು. ಅಲ್ಲಿಂದ ಎಡಗಾಲಿನ ಹಿಮ್ಮಡಿಯವರೆಗೂ ಸೆಳೆತ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಹದಿನೈದು ದಿನ ಬಗ್ಗಕೂಡದು ಅಂದರು. ಟೈಲ್ಸ್ ಕೆಲಸದವರಿಗೆ ಬಗ್ಗಕೂಡದು ಅಂದರೆ ಕೆಲಸಕ್ಕೆ ಹೋಗಕೂಡದು ಅಂತಲೇ.

ಚಾಮರಾಜಪೇಟೆಯ ನಾಲ್ಕನೇ ಮೇನ್‌ನಲ್ಲಿ ಶಕುಂತಲಮ್ಮನವರ ಅಡುಗೆಮನೆ ಆಗ ಮುಕ್ಕಾಲು ಮುಗಿದಿತ್ತು. ಕಟ್ಟೆಯಿಂದ ಮೇಲಕ್ಕೆ ಗೋಡೆಗೆ ಹಾಕುವ ಟೈಲ್‌ಗಳಲ್ಲಿ ಇಡಿಯವೆಲ್ಲ ಕೂತಿದ್ದವು. ಉಳಿದಿದ್ದು ಅಂಚಿನವು ಮಾತ್ರ. ಮೂಲೆಗೆ, ಕಿಟಕಿಯ ಪಕ್ಕಕ್ಕೆ, ಮೇಲಿನ ಸಾಲಿಗೆ ಅಳತೆಗೆ ತಕ್ಕಂತೆ ಕತ್ತರಿಸಿ ಹಾಕಬೇಕಾದ ಹತ್ತೊಂಬತ್ತು ತುಂಡು. ಹದಿನಾಲ್ಕನ್ನು ನೇರವಾಗಿ ಕತ್ತರಿಸಿದರೆ ಸಾಕು. ನಾಲ್ಕಕ್ಕೆ ಸ್ವಿಚ್ ಬಾಕ್ಸ್ ಬರುವ ಕಡೆ ಮೂಲೆಯಲ್ಲಿ ಚೌಕಾಕಾರದ ಕಚ್ಚು ತೆಗೆಯಬೇಕು. ಒಂದಕ್ಕೆ ನಲ್ಲಿಯ ಪೈಪು ಹಾಯುವಲ್ಲಿ ಅಂಚನ್ನು ಅರ್ಧಚಂದ್ರದ ಹಾಗೆ ಕೊರೆಯಬೇಕು.

ಮುನಿಲಕ್ಷ್ಮಮ್ಮ ಹದಿಮೂರು ವರ್ಷದಿಂದ ಮೇಸ್ತ್ರಿಯ ಹೆಲ್ಪರ್. ಇಬ್ಬರ ಮನೆಯೂ ಗುಟ್ಟಹಳ್ಳಿಯ ಅಕ್ಕಪಕ್ಕದ ಗಲ್ಲಿಗಳಲ್ಲಿ. ಮೊದಮೊದಲು ಸಿಮೆಂಟು ಕಲಸಿ ಬಾಂಡ್ಲಿಯಲ್ಲಿ ಹೊತ್ತು ಕೊಡುವುದಷ್ಟೇ ಅವಳ ಪಾಲಿಗಿತ್ತು. ಆಮೇಲೆ ಟೈಲ್‌ಗಳನ್ನು ನೀರಿನಲ್ಲಿ ನೆನೆಹಾಕುವುದು, ಸಂದಿಗೆ ಬಿಳಿ ಸಿಮೆಂಟು ತುಂಬಿ ಒರೆಸುವುದು ಬಂತು. ಮೇಸ್ತ್ರಿಯ ಮಂಡಿ ಸವೆದಂತೆಲ್ಲ ಕೆಲಸ ಅವಳ ಕಡೆಗೆ ಜಾರಿತು. ಈಚಿನ ಮೂರು ವರ್ಷದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅವರು ಬಕೆಟ್ ಬೋರಲು ಹಾಕಿಕೊಂಡು ಕೂತು ಹೇಳುವುದು, ಅವಳು ಟೈಲ್ ಕೂರಿಸುವುದು. ದಾರ ಕಟ್ಟುವುದು, ಮಟ್ಟ ನೋಡುವುದು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಒಳಗೆ ಟೊಳ್ಳಿದೆಯೋ ಇಲ್ಲವೋ ಹೇಳುವುದು, ಎಲ್ಲವೂ ಅವಳಿಗೆ ಬರುತ್ತಿತ್ತು. ಕತ್ತರಿಸುವುದು ಮಾತ್ರ ಬರುತ್ತಿರಲಿಲ್ಲ. ಅದು ಮೇಸ್ತ್ರಿಯ ಕೆಲಸ. ಅವರು ಟೈಲ್ ಕತ್ತರಿಸುವ ಗ್ರೈಂಡರ್ ಮೆಷಿನ್ ಹಿಡಿದು ಅಂಗಳಕ್ಕೆ ಹೋಗುವರು, ಅವಳು ಒಳಗಿನಿಂದ ಅಳತೆ ಕೂಗುವಳು. ಬಿಳಿ ದೂಳಿನೊಳಗಿಂದ ತುಂಡು ಬರುವುದು.

ಸೋಮವಾರ ಒಬ್ಬಳೇ ಹೋಗಿ ಶಕುಂತಲಮ್ಮನವರಿಗೆ ವಿಷಯ ತಿಳಿಸಿದಳು. ಅವರಿಗೆ ಅರವತ್ತೆಂಟು. ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಹನ್ನೆರಡು ದಿನದಿಂದ ಒಲೆ ನಡುಮನೆಯಲ್ಲಿತ್ತು. ಅಲ್ಲಿ ಮೆಣಸಿನಕಾಯಿ ಹುರಿದರೆ ಮನೆಯವರೆಲ್ಲ ಕೆಮ್ಮಿಕೊಂಡು ಬೀದಿಗೆ ಬರಬೇಕಾಗುತ್ತಿತ್ತು.

“ಇನ್ನೂ ಹದಿನೈದು ದಿನ ಅಂದ್ರೆ ನನಗಾಗಲ್ಲ ಕಣಮ್ಮ,” ಅಂದರು ಶಕುಂತಲಮ್ಮ. “ಬೇರೆ ಯಾರನ್ನಾದ್ರೂ ನೋಡ್ತೀನಿ. ಬೇಜಾರು ಮಾಡ್ಕೋಬೇಡ ಅಂತ ರಾಮಾಂಜಿನಪ್ಪನಿಗೆ ಹೇಳು.”

“ಶನಿವಾರದವರೆಗೂ ಟೈಮ್ ಕೊಡಿ ಅಮ್ಮ. ನಾನೇ ಮುಗಿಸ್ತೀನಿ.”

“ನಿನಗೆ ಕಟಿಂಗ್ ಬರುತ್ತಾ?”

“ಬರಲ್ಲ. ಕಲ್ತ್ಕೊಂಡು ಮಾಡ್ತೀನಿ.”

ಬರುತ್ತದೆ ಅಂದಿದ್ದರೆ ಶಕುಂತಲಮ್ಮ ಬಹುಶಃ ಒಪ್ಪುತ್ತಿರಲಿಲ್ಲ. ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. “ಈ ಡಿಸೈನ್ ಈಗ ಬರ್ತಿಲ್ವಂತೆ. ತಂದಾಗ್ಲೇ ಅಂಗಡಿಯವನು ಹೇಳಿದ್ದ. ಇರೋದು ಇಪ್ಪತ್ತೈದು ಟೈಲ್ಸು. ಅದರಲ್ಲೇ ಮುಗೀಬೇಕು.”

“ಮುಗಿಸ್ತೀನಿ.”

ಮಾತು ಕೊಟ್ಟಾಗಿತ್ತು. ಸಂಜೆ ಮೇಸ್ತ್ರಿಯ ಮನೆಗೆ ಹೋದಳು. ಅವರು ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡಿದ್ದರು. ಅವಳು ಗ್ರೈಂಡರ್ ಕೇಳಿದಾಗ ತಲೆ ತಿರುಗಿಸಲಿಲ್ಲ.

“ಚೀಲದಲ್ಲಿದೆ, ತಗೊಂಡೋಗು. ಆಗಲ್ಲ ಅನ್ನಿಸಿದ್ರೆ ವಾಪಸ್ ತಂದಿಡು. ಸುಮ್ನೆ ಕಷ್ಟ ಪಡಬೇಡ.”

ಅಷ್ಟು ಸುಲಭವಾಗಿ ಕೊಡುತ್ತಾರೆಂದು ಅವಳು ಎಣಿಸಿರಲಿಲ್ಲ. ಮಂಗಳವಾರ ಬೆಳಿಗ್ಗೆ, ವಠಾರದವರು ನೀರು ಹಿಡಿದು ಮುಗಿಸಿದ ಮೇಲೆ, ಮನೆಯ ಹಿಂದಿನ ಕಲ್ಲುಚಪ್ಪಡಿಯ ಮೇಲೆ ಒಂದು ಹಳೆಯ ಟೈಲ್ ಇಟ್ಟು ಮೆಷಿನ್ ಚಾಲೂ ಮಾಡಿದಳು. ಹದಿಮೂರು ವರ್ಷ ಕೇಳಿದ ಸದ್ದೇ. ಆದರೆ ಕೈಯಲ್ಲಿ ಹಿಡಿದಾಗ ಅದು ಬೇರೆಯೇ ಇತ್ತು. ಪಕ್ಕದಲ್ಲಿ ಹಿಡಿ ಇರಲಿಲ್ಲ. ಬ್ಲೇಡಿನ ಮೇಲೆ ಮುಚ್ಚಳವೂ ಇರಲಿಲ್ಲ. ಬ್ಲೇಡ್ ಟೈಲ್‌ಗೆ ತಾಕಿದ್ದೇ ಮೆಷಿನ್ ಎಗರಿ ಅವಳ ಕಡೆಗೇ ಬಂತು. ಚೂರೊಂದು ಹಾರಿ ಎಡಗೆನ್ನೆಯನ್ನು ಗೀರಿಕೊಂಡು ಹೋಯಿತು. ಸ್ವಿಚ್ಚು ಅಂಟಿಕೊಂಡು ಆಫ್ ಆಗಲಿಲ್ಲ. ಪ್ಲಗ್ ಕಿತ್ತ ಮೇಲೆಯೇ ನಿಂತಿದ್ದು.

ಅತ್ತೆ ತಿಮ್ಮಕ್ಕ ಒಳಗಿನಿಂದ ಬಂದು ಕೆನ್ನೆ ನೋಡಿದಳು. ಅರಿಶಿನ ತಂದು ಒತ್ತಿದಳು.

“ಕಣ್ಣಿಗೆ ಒಂದೂವರೆ ಬೆರಳು ಅಷ್ಟೆ ಉಳಿದಿತ್ತು,” ಅಂದಳು ಆಮೇಲೆ.

ಮುನಿಲಕ್ಷ್ಮಮ್ಮ ಗ್ರೈಂಡರನ್ನು ಚೀಲಕ್ಕೆ ಹಾಕಿ ಮೇಸ್ತ್ರಿಯ ಹೆಂಡತಿಯ ಕೈಗೆ ಬಾಗಿಲಲ್ಲೇ ಕೊಟ್ಟು, ಒಳಗೆ ಹೋಗದೆ, ಬಸ್ ಹತ್ತಿದಳು.

ಕಾಟನ್‌ಪೇಟೆಯ ಟೈಲ್ಸ್ ಸಾಮಾನಿನ ಅಂಗಡಿಗೆ ಅವಳು ಮೇಸ್ತ್ರಿ ಕಳಿಸಿದಾಗಲೆಲ್ಲ ಬಂದಿದ್ದಳು. ಟೈಲ್‌ಗಳ ಸಂದಿಗೆ ಇಡುವ ಸ್ಪೇಸರು, ಬಿಳಿ ಸಿಮೆಂಟು, ಒಮ್ಮೊಮ್ಮೆ ಬ್ಲೇಡು. ಚೀಟಿ ಕೊಟ್ಟು ಸಾಮಾನು ತೆಗೆದುಕೊಂಡು ಹೊರಡುವುದು, ಅಷ್ಟೆ. ಅಂಗಡಿ ನಡೆಸುತ್ತಿದ್ದ ಮಲ್ಲಿಕಾರ್ಜುನಯ್ಯನವರು ತೀರಿಕೊಂಡ ಮೇಲೆ ಗಲ್ಲಾದಲ್ಲಿ ಅವರ ಸೊಸೆ ಸರ್ವಮಂಗಳಾ ಕೂರುತ್ತಿದ್ದರು. ಐವತ್ತರ ಹೆಂಗಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಪೆನ್ನು.

“ಬನ್ನಿ. ಮೇಸ್ತ್ರಿ ಏನು ಬರ್ಕೊಟ್ಟಿದಾರೆ?”

“ಅವರಿಗಲ್ಲ ಅಕ್ಕ. ನನಗೇ. ಟೈಲ್ಸ್ ಕಟ್ ಮಾಡೋಕೆ ಏನಾದ್ರೂ ಬೇಕು. ನಾನು ಇನ್ನೂ ಕಲೀಬೇಕು.”

ಸರ್ವಮಂಗಳಾ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

“ಯಾವ ಟೈಲ್ಸು? ನೆಲದ್ದೋ ಗೋಡೆದೋ?”

“ಗೋಡೆದು. ಸೆರಾಮಿಕ್. ಹನ್ನೆರಡು ಇಂಚು ಹದಿನೆಂಟು.”

“ದಪ್ಪ?”

“ಎಂಟು ಎಂಎಂ ಇರಬೇಕು.”

“ನೇರ ಕಟಿಂಗಾ, ಕಚ್ಚು ಇದೆಯಾ?”

ಮುನಿಲಕ್ಷ್ಮಮ್ಮ ಎಲ್ಲವನ್ನೂ ಹೇಳಿದಳು. ಇಷ್ಟೊಂದು ಪ್ರಶ್ನೆ ಕೇಳುವವರನ್ನು ಕಂಡು ಧೈರ್ಯವೂ ಬಂತು. “ನೀವೂ ಹಾಕ್ತೀರಾ ಅಕ್ಕ ಟೈಲ್ಸು?”

“ನಾನು ಒಂದೂ ಹಾಕಿಲ್ಲ,” ಅಂದರು ಸರ್ವಮಂಗಳಾ. “ಆದ್ರೆ ಯಾವ ಸಾಮಾನು ಯಾಕೆ ವಾಪಸ್ ಬರುತ್ತೆ ಅಂತ ಗೊತ್ತು. ಇಪ್ಪತ್ತು ವರ್ಷದಿಂದ ಬೈಸ್ಕೊಂಡು ಕಲ್ತಿದೀನಿ.”

ಒಳಗಿನಿಂದ ಎರಡು ಹ್ಯಾಂಡ್ ಕಟರ್ ತರಿಸಿ ನೆಲದ ಮೇಲೆ ಇಡಿಸಿದರು. ನೋಡಲು ಎರಡೂ ಒಂದೇ. ಕೆಳಗೆ ಟೈಲ್ ಇಡುವ ಹಲಗೆ, ಮೇಲೆ ಕಂಬಿ, ಕಂಬಿಯ ಮೇಲೆ ಓಡಾಡುವ ಹಿಡಿ, ಹಿಡಿಯ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಚಕ್ರ. ಚಕ್ರ ಟೈಲಿನ ಮೇಲೆ ಗೀರು ಹಾಕುತ್ತದೆ; ಆಮೇಲೆ ಹಿಡಿ ಒತ್ತಿದರೆ ಗೀರಿನ ಉದ್ದಕ್ಕೆ ಮುರಿಯುತ್ತದೆ. ಕರೆಂಟು ಬೇಡ, ದೂಳಿಲ್ಲ.

“ಹಿಡಿ ಹಿಡ್ಕೊಂಡು ಪಕ್ಕಕ್ಕೆ ಅಲ್ಲಾಡಿಸಿ ನೋಡಿ,” ಅಂದರು. ಮೊದಲನೆಯದು ಒಂಟಿ ಕಂಬಿಯದು, ಎಡಕ್ಕೂ ಬಲಕ್ಕೂ ಆಡಿತು. ಎರಡನೆಯದು ಜೋಡಿ ಕಂಬಿಯದು, ಆಡಲಿಲ್ಲ. “ಆಡೋದು ಅಗ್ಗ. ವಾಪಸ್ ಬರೋದೂ ಅದೇ. ಹಿಡಿ ಅಷ್ಟು ಆಡಿದ್ರೆ ಗೀರು ನೇರ ಬರಲ್ಲ, ಜನ ಟೈಲ್ಸಿಗೆ ಬಯ್ತಾರೆ. ಚಕ್ರ ಬೇರೆ ಸಿಗುತ್ತಾ ಅಂತಲೂ ನೋಡ್ಕೋಬೇಕು. ಸವೆದ ಮೇಲೆ ಚಕ್ರ ಸಿಗದಿದ್ರೆ ಇಡೀ ಕಟರ್ ಗುಜರಿಗೆ.”

ಅಂಗಡಿಯ ಮೆಟ್ಟಿಲ ಮೇಲೆ ಒಡೆದ ಸ್ಯಾಂಪಲ್ ಟೈಲ್‌ಗಳ ರಾಶಿ ಇತ್ತು. ಒಂದನ್ನು ತೆಗೆದು ಜೋಡಿ ಕಂಬಿಯ ಕಟರಿನಲ್ಲಿ ಇಟ್ಟುಕೊಟ್ಟರು. ಮುನಿಲಕ್ಷ್ಮಮ್ಮ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನು ಎಳೆದಳು. ಗೀರು ತೆಳ್ಳಗೆ ಕಂಡಿತು. ಸಾಲದೇನೋ ಅಂತ ಅದರ ಮೇಲೇ ಇನ್ನೆರಡು ಸಲ ಎಳೆದು, ಒತ್ತಿದಳು. ಟೈಲ್ ನಾಯಿ ಕಚ್ಚಿದ ರೊಟ್ಟಿಯಂತೆ ಮುರಿಯಿತು.

“ಒಂದೇ ಸಲ ಎಳೀಬೇಕಂತೆ,” ಅಂದರು ಸರ್ವಮಂಗಳಾ. “ಈ ಕಡೆಯಿಂದ ಆ ಕಡೆವರೆಗೂ ನಿಲ್ಲಿಸದೆ. ಸದ್ದು ಒಂದೇ ಸಮ ಬರಬೇಕಂತೆ. ಹಾಗಂತ ಹೇಳ್ತಾರೆ, ನಾನು ಮಾಡಿ ನೋಡಿಲ್ಲ.”

ಎರಡನೆಯದನ್ನು ಹಾಗೆಯೇ ಎಳೆದಳು. ಬಟ್ಟೆ ಹರಿದಂಥ ಸದ್ದು ಒಂದೇ ಸಮನೆ ಬಂತು. ಹಿಡಿ ಒತ್ತಿದಾಗ ಟಕ್ ಅಂದು ಎರಡಾಯಿತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ನೇರವಾಗಿತ್ತು. ಇಷ್ಟೇನಾ ಅನ್ನಿಸಿತು. ಅದರ ಹಿಂದೆಯೇ, ಇಷ್ಟನ್ನು ಹದಿಮೂರು ವರ್ಷ ಯಾಕೆ ಮುಟ್ಟಲಿಲ್ಲ ಅಂತಲೂ ಅನ್ನಿಸಿತು. ಕೇಳದೆ ಇನ್ನೂ ಮೂರು ಮುರಿದಳು.

“ನೇರಕ್ಕೆ ಇದು ಸಾಕು,” ಅಂದರು ಸರ್ವಮಂಗಳಾ. “ಕಚ್ಚಿಗೆ ಆಗಲ್ಲ. ಇದು ಈ ತುದಿಯಿಂದ ಆ ತುದಿಗೆ ಮಾತ್ರ ಮುರಿಯುತ್ತೆ. ಕಚ್ಚಿಗೆ ಸಣ್ಣ ಗ್ರೈಂಡರ್ ಬೇಕು. ನಾಲ್ಕಿಂಚಿಂದು ತೋರಿಸ್ಲಾ?”

“ಗ್ರೈಂಡರ್ ಬೇಡ ಅಕ್ಕ.”

ಸರ್ವಮಂಗಳಾ ಅವಳ ಕೆನ್ನೆಯ ಅರಿಶಿನವನ್ನು ನೋಡಿದರು. “ಟೇಬಲ್ ಮೇಲಿಟ್ಟು ನೀರು ಬಿಟ್ಕೊಂಡು ಕತ್ತರಿಸೋ ಮೆಷಿನ್ನೂ ಇದೆ. ನಿಮಗೆ ಈಗ್ಲೇ ಅದು ಜಾಸ್ತಿಯಾಯ್ತು, ಹೊತ್ಕೊಂಡು ಬಸ್ಸಲ್ಲಿ ಓಡಾಡೋಕೂ ಆಗಲ್ಲ.”

“ಇಕ್ಕಳದಲ್ಲಿ ಕಚ್ಚು ಬರಲ್ವಾ?”

“ಸ್ವಲ್ಪ ಸ್ವಲ್ಪ ಕಡಿದು ತೆಗೀತಾರೆ. ಎಲ್ಲರಿಗೂ ಬರಲ್ಲ.”

ಅವಳು ಜೋಡಿ ಕಂಬಿಯ ಕಟರ್ ಮತ್ತು ಒಂದು ಟೈಲ್ಸ್ ಇಕ್ಕಳ ತೆಗೆದುಕೊಂಡಳು. ಕೈಯಲ್ಲಿದ್ದ ದುಡ್ಡು ಅಷ್ಟಕ್ಕೆ ಸರಿಹೋಯಿತು. ದುಡ್ಡು ಇದ್ದಿದ್ದರೂ ಆವತ್ತು ಅವಳು ಗ್ರೈಂಡರ್ ತೆಗೆದುಕೊಳ್ಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನದವರೆಗೆ ಕೆಲಸ ಚೆನ್ನಾಗಿ ಸಾಗಿತು. ಎಂದಿನಂತೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಕಟರನ್ನು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಇಟ್ಟುಕೊಂಡಳು. ಅಳತೆ ತೆಗೆಯುವುದೂ ಅವಳೇ, ಗೆರೆ ಹಾಕುವುದೂ ಅವಳೇ. ಕೂಗಿ ಹೇಳುವ ಅಳತೆಯಲ್ಲಿ ಒಂದೆರಡು ಎಂಎಂ ಯಾವಾಗಲೂ ಹೆಚ್ಚುಕಮ್ಮಿ ಆಗುತ್ತಿತ್ತು. ಈಗ ಆಗಲಿಲ್ಲ. ಎರಡು ಟೈಲ್ ಮಾತ್ರ ಹಾಳಾದವು. ಒಂದು ಅವಸರಕ್ಕೆ. ಇನ್ನೊಂದರಲ್ಲಿ ಬರೀ ಬೆರಳಗಲದ ಪಟ್ಟಿ ತೆಗೆಯಲು ಹೋದಾಗ ಅದು ಮಧ್ಯಕ್ಕೆ ತುಂಡಾಯಿತು. ಅಷ್ಟು ಸಣ್ಣ ಪಟ್ಟಿ ಮುರಿದು ತೆಗೆಯುವುದು ಕಟರಿಗೆ ಕಷ್ಟ ಎಂಬುದು ಆಗ ತಿಳಿಯಿತು. ಊಟದ ಹೊತ್ತಿಗೆ ಹದಿನಾಲ್ಕು ತುಂಡೂ ಗೋಡೆಯಲ್ಲಿದ್ದವು. ಶಕುಂತಲಮ್ಮ ಬಂದು ಕಿಟಕಿಯ ಪಕ್ಕದ ಸಾಲನ್ನು ಕೈಯಿಂದ ಸವರಿ ನೋಡಿ, ಅನ್ನದ ಜೊತೆಗೆ ಚಟ್ನಿಪುಡಿಯನ್ನೂ ತುಪ್ಪವನ್ನೂ ಹಾಕಿದರು.

ಊಟವಾದ ಮೇಲೆ ಸ್ವಿಚ್ ಬಾಕ್ಸಿನ ಟೈಲ್ ತೆಗೆದುಕೊಂಡಳು. ಎರಡು ಇಂಚು ಆಳ, ಮೂರು ಇಂಚು ಅಗಲದ ಕಚ್ಚು. ಇಕ್ಕಳದಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟೇ ಕಡಿಯುತ್ತ ಹೋದಳು. ಮುಕ್ಕಾಲು ಆದಾಗ ಮೂಲೆಯಿಂದ ಬಿರುಕು ಓಡಿ ಟೈಲ್ ಎರಡಾಯಿತು. ಎರಡನೆಯದು ಅರ್ಧಕ್ಕೇ ಹೋಯಿತು. ಮೂರನೆಯದನ್ನು ಒಂದು ಗಂಟೆ ಹಿಡಿದಿದ್ದಳು. ಕಚ್ಚು ಮುಗಿದೇಬಿಟ್ಟಿತು ಅನ್ನುವಾಗ ಅದೂ ಅದೇ ಮೂಲೆಯಿಂದ ಸೀಳಿತು.

ಉಳಿದ ಟೈಲ್‌ಗಳು ಆರು. ಹಾಕಬೇಕಾದ ತುಂಡು ಐದು.

ಅವಳು ಇಕ್ಕಳ ಕೆಳಗಿಟ್ಟು ಎದ್ದು ಒಳಗೆ ಹೋದಳು. ಶಕುಂತಲಮ್ಮ ನಡುಮನೆಯಲ್ಲಿ ಕೊತ್ತಂಬರಿ ಬೀಜ ಆರಿಸುತ್ತಿದ್ದರು.

“ಅಮ್ಮ, ಕಚ್ಚು ತೆಗೆಯೋದ್ರಲ್ಲಿ ಮೂರು ಒಡೆದೆ. ನನಗೆ ಬರ್ತಿಲ್ಲ. ಇವತ್ತು ಇಷ್ಟಕ್ಕೇ ನಿಲ್ಲಿಸ್ತೀನಿ.”

“ಎಷ್ಟು ಉಳಿದಿದೆ?”

“ಆರು.”

“ಆರೂ ಒಡೆದ ಮೇಲೆ ಬಂದು ಹೇಳಿದ್ರೆ ನಾನೇನು ಮಾಡೋಕಾಗ್ತಿತ್ತು,” ಅಂದರು ಶಕುಂತಲಮ್ಮ, ಮೊರದಿಂದ ಕಣ್ಣೆತ್ತದೆ. “ಈಗ ಹೇಳಿದ್ದು ಒಳ್ಳೇದಾಯ್ತು. ಹೋಗಿ ಕೇಳ್ಕೊಂಡು ಬಾ.”

ಯಾರನ್ನು ಕೇಳಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಮೇಸ್ತ್ರಿ ಈಗ ಒಂದು ಮಗ್ಗುಲಿಗೆ ತಿರುಗುವಷ್ಟಾಗಿದ್ದರು. ಮುನಿಲಕ್ಷ್ಮಮ್ಮ ಚೀಲದಿಂದ ಒಡೆದ ಟೈಲ್ ತೆಗೆದು ಅವರ ಮುಂದಿಟ್ಟಳು.

“ಎಷ್ಟು ಒಡೆದೆ?”

“ಐದು. ನೇರದಲ್ಲಿ ಎರಡು, ಇಕ್ಕಳದಲ್ಲಿ ಮೂರು.”

“ನೇರದವೆಲ್ಲ ಆಯ್ತಾ?”

“ಆಯ್ತು. ಹ್ಯಾಂಡ್ ಕಟರ್ ತಗೊಂಡೆ.”

ಮೇಸ್ತ್ರಿ ಟೈಲಿನ ನೇರವಾದ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಇಟ್ಟರು. “ಇಷ್ಟು ದೊಡ್ಡ ಕಚ್ಚು ಇಕ್ಕಳದಲ್ಲಿ ಸುಲಭ ಅಲ್ಲ. ಗ್ರೈಂಡರ್ರೇ ಬೇಕು. ನಂದು ವಾಪಸ್ ಕೊಟ್ಟೋದ್ಯಂತೆ.” ಆಗ ಅವರಿಗೆ ಕೆನ್ನೆ ಕಾಣಿಸಿತು. “ಏನದು?”

“ನಿಮ್ಮ ಮೆಷಿನ್ನೇ.”

“ಅದು ನಾಲ್ಕಿಂಚಿನ ಮೆಷಿನ್ನು. ನಾನು ಐದಿಂಚಿನ ಬ್ಲೇಡ್ ಹಾಕಿದೀನಿ. ಮುಚ್ಚಳ ಇದ್ರೆ ಅದು ಕೂರಲ್ಲ. ಅದಕ್ಕೇ ಬಿಚ್ಚಿ ಬಿಸಾಕ್ದೆ. ಹಿಡಿ ಎಲ್ಲೋ ಹೋಯ್ತು. ನನಗೆ ಅಭ್ಯಾಸ ಆಗೋಗಿದೆ.”

“ಸೋಮವಾರ ನನಗೆ ಕೊಡೋವಾಗ ಇದೆಲ್ಲ ಗೊತ್ತಿತ್ತಲ್ವಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಮೇಸ್ತ್ರಿ ಸೂರಿನ ಕಡೆ ನೋಡಿದರು. “ಹೆದರ್ಕೊಂಡು ತಂದಿಡ್ತೀಯ, ನಾನು ಎದ್ದ ಮೇಲೆ ಇಬ್ರೂ ಹೋಗಿ ಮುಗಿಸೋಣ ಅಂದ್ಕೊಂಡೆ. ಕಟಿಂಗೂ ನೀನೇ ಕಲ್ತ್ರೆ ನನ್ನದು ಅಂತ ಏನು ಉಳೀತು. ಚೂರು ಹಾರುತ್ತೆ ಅಂತ ಯೋಚನೆ ಮಾಡ್ಲಿಲ್ಲ.”

“ಕಣ್ಣಿಗೆ ಬಿದ್ದಿದ್ರೆ?”

ಮುನಿಲಕ್ಷ್ಮಮ್ಮ ಎದ್ದು ಹೊರಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡಳು. ಮೇಸ್ತ್ರಿಯ ಹೆಂಡತಿ ಕಾಫಿ ತಂದು ಕೊಟ್ಟಿದ್ದನ್ನು ಬೇಡ ಅನ್ನಲಾಗದೆ ನಿಂತೇ ಕುಡಿದಳು. ಹದಿಮೂರು ವರ್ಷದಲ್ಲಿ ಈ ಮನುಷ್ಯ ಒಂದು ದಿನವೂ ಕೆಟ್ಟ ಮಾತು ಆಡಿರಲಿಲ್ಲ. ಅವಳ ಗಂಡ ಜ್ವರದಲ್ಲಿ ಮಲಗಿದ್ದಾಗ ಆಸ್ಪತ್ರೆಗೆ ಕರೆದೊಯ್ದದ್ದೂ ಅವರೇ. ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಆದರೆ ಹಾಗೇ ಹೊರಟುಹೋದರೆ ಶಕುಂತಲಮ್ಮನವರಿಗೆ ಕೊಟ್ಟ ಮಾತು ಉಳಿಯುತ್ತಿರಲಿಲ್ಲ. ಲೋಟ ಕೊಟ್ಟು, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಹೋದಳು.

“ನೀವು ಮಾಡಿದ್ದು ತಪ್ಪು ಅಣ್ಣ,” ಅಂದಳು.

“ಹೂಂ. ತಪ್ಪಾಯ್ತು.”

“ಈಗ ಹೇಳ್ಕೊಡಿ.”

ಅವರು ಪೆನ್ಸಿಲ್ ಕೇಳಿ ತೆಗೆದುಕೊಂಡು, ಮಲಗಿದ ಹಾಗೆಯೇ ಒಡೆದ ಟೈಲಿನ ಮೇಲೆ ಕಚ್ಚಿನ ಗೆರೆ ಎಳೆದರು. ಗೆರೆಗಳು ಕೂಡುವ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟರು.

“ಮೊದ್ಲು ಇಲ್ಲಿ ಡ್ರಿಲ್ಲಲ್ಲಿ ಸಣ್ಣ ತೂತು ಹಾಕು, ನನ್ನ ಡ್ರಿಲ್ ತಗೊಂಡೋಗು. ಬಿರುಕು ಓಡಿ ಬಂದ್ರೂ ಈ ತೂತಲ್ಲಿ ನಿಲ್ಲುತ್ತೆ. ನಿನ್ನವು ಮೂರೂ ಮೂಲೆಯಿಂದ್ಲೇ ಹೋಗಿರೋದು ನೋಡು. ಆಮೇಲೆ ಎರಡೂ ಕಡೆಯಿಂದ ತೂತಿನವರೆಗೂ ಕೊಯ್ಕೊಂಡು ಬಾ. ಒಂದೇ ಸಲಕ್ಕೆ ಪೂರ್ತಿ ಇಳಿಸ್ಬೇಡ. ಮೊದ್ಲು ಮೇಲ್ಮೇಲೆ ಒಂದು ಗೀರು, ಆಮೇಲೆ ಆಳ. ಬ್ಲೇಡಿನ ನೇರಕ್ಕೆ ನಿಂತ್ಕೋಬೇಡ, ಪಕ್ಕಕ್ಕಿರು. ಒತ್ತಬೇಡ, ಮೆಷಿನ್ ತೂಕವೇ ಸಾಕು. ಕನ್ನಡಕ ಇಲ್ದೆ ಮಾಡಬೇಡ.”

“ನೀವು ಹಾಕ್ಕೊಂಡಿದ್ದು ನಾನು ನೋಡಿಲ್ಲ.”

“ಅದನ್ನ ನೋಡಿ ಕಲೀಬೇಡ.”

“ಪೈಪಿನ ಹತ್ರ ಗುಂಡಗೆ?”

“ಗ್ರೈಂಡರಲ್ಲಿ ಬಾಚಣಿಗೆ ಹಲ್ಲಿನ ಹಾಗೆ ನಾಲ್ಕೈದು ಸೀಳು ಹಾಕು. ಆ ಹಲ್ಲನ್ನ ಇಕ್ಕಳದಲ್ಲಿ ಮುರ್ಕೋ. ಅಲ್ಲಿ ನಿನ್ನ ಇಕ್ಕಳ ಕೆಲಸಕ್ಕೆ ಬರುತ್ತೆ.”

ಗುರುವಾರ ಅಂಗಡಿ ತೆಗೆಯುವ ಹೊತ್ತಿಗೆ ಮುನಿಲಕ್ಷ್ಮಮ್ಮ ಮೆಟ್ಟಿಲ ಹತ್ತಿರ ನಿಂತಿದ್ದಳು. ಸರ್ವಮಂಗಳಾ ನಾಲ್ಕಿಂಚಿನ ಮೂರು ಗ್ರೈಂಡರ್ ತೋರಿಸಿದರು. ಅವಳು ಮೂರನ್ನೂ ಒಂದೊಂದಾಗಿ ಎತ್ತಿ ಹಿಡಿದು ನೋಡಿದಳು. ಒಂದರ ಹೊಟ್ಟೆ ದಪ್ಪ, ಬೆರಳು ಸುತ್ತಲೂ ಬರಲಿಲ್ಲ. ಇನ್ನೊಂದರ ಸ್ವಿಚ್ಚು ಹಿಂದೆ ಇತ್ತು, ಹೆಬ್ಬೆರಳಿಗೆ ಸಿಗಲಿಲ್ಲ. ಮೂರನೆಯದು ಸಪೂರವಾಗಿತ್ತು. ಒತ್ತಿ ಹಿಡಿದರೆ ಮಾತ್ರ ತಿರುಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಅದನ್ನೇ ನಾಲ್ಕು ಸಲ ಚಾಲೂ ಮಾಡಿ ಬಿಟ್ಟು ನೋಡಿದಳು.

“ಇದು ಕೊಡಿ. ಮುಚ್ಚಳ, ಹಿಡಿ ಎರಡೂ ಇದೆಯಲ್ವಾ?”

“ಡಬ್ಬಿಯಲ್ಲೇ ಇದೆ. ಬ್ಲೇಡು ಇದು ತಗೊಳ್ಳಿ, ಹಲ್ಲಿಲ್ಲದ್ದು. ಹಲ್ಲಿರೋದು ಕಲ್ಲಿಗೆ, ಕಾಂಕ್ರೀಟಿಗೆ. ಈ ಟೈಲ್ಸಿಗೆ ಅದನ್ನ ಹಾಕಿದ್ರೆ ಮೇಲಿನ ಬಣ್ಣ ಚಕ್ಕೆ ಚಕ್ಕೆ ಏಳುತ್ತೆ.” ಸರ್ವಮಂಗಳಾ ಒಂದು ಜೊತೆ ಕನ್ನಡಕವನ್ನೂ ಮೂಗಿಗೆ ಕಟ್ಟುವ ಮಾಸ್ಕನ್ನೂ ಮುಂದಿಟ್ಟರು. “ಮಂಗಳವಾರವೇ ಇದನ್ನ ತೋರಿಸ್ಬೇಕಿತ್ತು. ಬೇಡ ಅಂದ್ರಿ ಅಂತ ಸುಮ್ನಾದೆ.”

“ಆವತ್ತು ತೋರಿಸಿದ್ರೂ ತಗೋತಿರ್ಲಿಲ್ಲ,” ಅಂದಳು.

ದುಡ್ಡು ಅರ್ಧ ಕೊಟ್ಟಳು. ಉಳಿದಿದ್ದು ಕೆಲಸ ಮುಗಿದ ಮೇಲೆ ಅಂದಾಗ ಸರ್ವಮಂಗಳಾ ಆಗಲಿ ಅಂದರು.

ಗುರುವಾರವೆಲ್ಲ ಒಡೆದ ಟೈಲ್‌ಗಳ ಮೇಲೆ ಅಭ್ಯಾಸ ಮಾಡುವುದರಲ್ಲೇ ಕಳೆಯಿತು. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ತೋಳನ್ನು ಮಣಿಕಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದಳು. ಟೈಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಇಟ್ಟುಕೊಂಡಳು, ದೂಳು ಕಡಿಮೆ ಏಳಲಿ ಅಂತ. ಮೆಷಿನ್ನಿಗೆ ನೀರು ತಾಕದ ಹಾಗೆ ಬಕೆಟ್ ದೂರ ಇಟ್ಟಳು. ಮೊದಲ ಸಲ ಸ್ವಿಚ್ಚು ಒತ್ತುವ ಮುಂಚೆ ಬಹಳ ಹೊತ್ತು ಕೂತಿದ್ದಳು. ಒತ್ತಿದಳು. ಎಗರಲಿಲ್ಲ. ಎರಡು ಕೈಯಲ್ಲೂ ಹಿಡಿದ ಮೆಷಿನ್ನು ಗೆರೆಯ ಮೇಲೆ ಮೆಲ್ಲಗೆ ಇಳಿಯಿತು, ಚೂರುಗಳು ಮುಚ್ಚಳಕ್ಕೆ ಬಡಿದು ಕೆಳಗೆ ಬಿದ್ದವು. ಆದರೆ ಗೆರೆಯಿಂದ ಅರ್ಧ ಇಂಚು ಆಚೆಗೆ ಹೋಗಿತ್ತು. ಸಂಜೆಯವರೆಗೆ ಹನ್ನೊಂದು ಕಚ್ಚು ತೆಗೆದಳು. ಕೊನೆಯ ಮೂರು ಗೆರೆಯ ಮೇಲೇ ಇದ್ದವು.

ಶುಕ್ರವಾರ ನಾಲ್ಕು ಸ್ವಿಚ್ ಬಾಕ್ಸಿನ ತುಂಡುಗಳೂ ಒಂದೊಂದೇ ಸಲಕ್ಕೆ ಬಂದವು. ಪೈಪಿನದು ಮೊದಲ ಸಲ ಒಡೆಯಿತು. ಉಳಿದದ್ದು ಒಂದೇ ಟೈಲ್. ಶಕುಂತಲಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಅವಳು ಅದನ್ನು ಕೈಗೆತ್ತಿಕೊಂಡಾಗ ಒಳಗೆ ಹೋಗಿಬಿಟ್ಟರು. ಐದು ಸೀಳು ಹಾಕಿ, ಹಲ್ಲುಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಮುರಿದಳು. ಅರ್ಧಚಂದ್ರ ಬಂತು. ಬಲಗಡೆ ಸ್ವಲ್ಪ ಅಗಲವಾಯಿತು. ಗೋಡೆಯಲ್ಲಿ ಕೂರಿಸಿದಾಗ ಪೈಪಿನ ಪಕ್ಕ ಕಿರುಬೆರಳು ತೂರುವಷ್ಟು ಸಂದಿ ಕಂಡಿತು.

“ಇದೊಂದು ಸರಿಯಾಗಿಲ್ಲ ಅಮ್ಮ,” ಎಂದು ಕರೆದು ತೋರಿಸಿದಳು. “ನಲ್ಲಿ ಜೊತೆ ಸ್ಟೀಲಿನ ಗುಂಡು ತಟ್ಟೆ ಬರುತ್ತೆ, ಅದು ಮುಚ್ಚುತ್ತೆ. ಆದ್ರೂ ನಿಮಗೆ ಗೊತ್ತಿರಲಿ ಅಂತ.”

“ಮುಚ್ಚುತ್ತೆ ಅಂದ್ರೆ ಮುಚ್ಲಿ ಬಿಡು,” ಅಂದರು ಶಕುಂತಲಮ್ಮ.

ಶನಿವಾರ ಸಂದಿಗಳಿಗೆ ಬಿಳಿ ಸಿಮೆಂಟು ತುಂಬಿ ಒರೆಸಿ ಮುಗಿಸಿದಳು. ಸೋಮವಾರ ಒಲೆ ಅಡುಗೆಮನೆಗೆ ಹೋಯಿತು. ಶಕುಂತಲಮ್ಮನವರ ಹತ್ತಿರ ಪುಡಿ ಕೊಳ್ಳುತ್ತಿದ್ದ ಹನುಮಂತನಗರದ ಶ್ರೀನಿವಾಸಯ್ಯ ಅನ್ನುವವರು ಆ ವಾರವೇ ಬಂದು ಗೋಡೆ ನೋಡಿ, ತಮ್ಮ ಬಚ್ಚಲುಮನೆಗೆ ಹಾಕಿಕೊಡುತ್ತೀರಾ ಅಂತ ಮುನಿಲಕ್ಷ್ಮಮ್ಮನನ್ನೇ ಕೇಳಿದರು. ಅವಳು ಜಾಗ ನೋಡಿ ಒಪ್ಪಿಕೊಂಡಳು. ಸಿಮೆಂಟು ಕಲಸಿ ಕೊಡಲು ವಠಾರದ ಬೈರಮ್ಮನನ್ನು ಗೊತ್ತು ಮಾಡಿದಳು.

ಗೋಡೆಗಳು ಆರು ದಿನದಲ್ಲಿ ಮುಗಿದವು. ನೆಲಕ್ಕೆ ಬಂದಾಗ ಅವಳು ಕೈ ಹಾಕಲಿಲ್ಲ. ಬಚ್ಚಲಿನ ನೆಲಕ್ಕೆ ವಾಟ ಕೊಡಬೇಕು, ನೀರು ತಾನೇ ಇಳಿದು ಮೋರಿಗೆ ಹೋಗುವ ಹಾಗೆ. ಅದನ್ನು ಯಾವಾಗಲೂ ಮೇಸ್ತ್ರಿಯೇ ಮಾಡುತ್ತಿದ್ದರು. ಸಂಜೆ ಅವರ ಮನೆಗೆ ಹೋದಳು. ಅವರು ಆಗ ಓಡಾಡುತ್ತಿದ್ದರು, ಸೊಂಟಕ್ಕೆ ಪಟ್ಟಿ ಇತ್ತು.

“ಹನುಮಂತನಗರದಲ್ಲಿ ಒಂದು ಬಚ್ಚಲು ಹಿಡಿದಿದೀನಿ,” ಅಂದಳು. “ವಾಟ ನನಗೆ ಬರಲ್ಲ. ಎರಡು ದಿನ ಬರ್ತೀರಾ? ಕೂಲಿ ನಿಮ್ಮ ರೇಟೇ.”

“ಬಗ್ಗಕ್ಕಾಗಲ್ವಲ್ಲ.”

“ನೀವು ಕೂತ್ಕೊಂಡು ಹೇಳಿ. ಬಗ್ಗೋದು ನಾನು.”

ಅವರು ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಅಂದರು. ಬಂದಿದ್ದು ಏಳೂವರೆಗೆ.

ಆ ದಿನ ಮಧ್ಯಾಹ್ನದ ಹೊತ್ತಿಗೆ ನೆಲದ ಟೈಲ್‌ಗಳನ್ನೆಲ್ಲ ಸಿಮೆಂಟಿನ ಮೇಲೆ ಕೂರಿಸಿಯಾಗಿತ್ತು. ಸಿಮೆಂಟು ಇನ್ನೂ ಹಸಿಯಿತ್ತು. ಮೇಸ್ತ್ರಿ ಬಾಗಿಲ ಹೊಸ್ತಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರು.

“ಒಂದು ಲೋಟ ನೀರು ಆ ಮೂಲೇಲಿ ಮೆಲ್ಲಗೆ ಸುರಿ,” ಅಂದರು. “ಮಟ್ಟ ನೋಡೋದು ಆಮೇಲೆ. ನೀರೇ ಹೇಳುತ್ತೆ.”

ಮುನಿಲಕ್ಷ್ಮಮ್ಮ ಗೋಡೆಯ ಅಂಚಿಗೆ ಕೂತು ನೀರು ಬಿಟ್ಟಳು. ಅದು ಮೊದಲು ಹರಡಿತು, ಆಮೇಲೆ ಒಂದು ಕಡೆಗೆ ಮೂತಿ ಮಾಡಿಕೊಂಡು ಮೋರಿಯ ತೂತಿನ ಕಡೆಗೆ ಹೊರಟಿತು. ಎರಡು ಟೈಲ್ ದಾಟಿತು. ಮೂರನೆಯದರ ಮೇಲೆ ನಿಂತುಬಿಟ್ಟಿತು.

“ಅದನ್ನ ಎತ್ತು,” ಅಂದರು ಮೇಸ್ತ್ರಿ. “ಕೆಳಗೆ ಒಂದು ಹಿಡಿ ಗಾರೆ ಹಾಕು. ಹಿಂದ್ಗಡೆಗೆ ಮಾತ್ರ, ಮೋರಿ ಕಡೆ ಬೇಡ.”

ಅವಳು ಕರಣೆಯ ತುದಿಯನ್ನು ಸಂದಿಗೆ ತೂರಿಸಿ ಟೈಲನ್ನು ಎಬ್ಬಿಸಿದಳು. ಕೆಳಗೆ ಗಾರೆ ಹಾಕಿ, ಮತ್ತೆ ಕೂರಿಸಿ, ತಟ್ಟಿ, ಲೋಟ ತುಂಬಿಕೊಂಡು ಬರಲು ಬೈರಮ್ಮನಿಗೆ ಹೇಳಿದಳು.